ಕಣ್ಣು ಸ್ಕ್ರೀನ್ ಮೇಲಿದ್ರೆ ಕಿವಿ ಎಲ್ಲಿರುತ್ತೆ?

ನಮ್ಮ ದಾವಣಗೆರೇಲಿ ಹೊಸದಾಗಿ ಶುರುವಾದ ಒಂದು ರೆಕಾರ್ಡಿಂಗ್ ಸ್ಟುಡಿಯೋಗೆ ನಿನ್ನೆ ಹೋಗಿದ್ದೆ. ಹೆಸರು ಬೇಡ. ಹುಡುಗ ಒಳ್ಳೆಯವನು, ಮಂಡಕ್ಕಿ ಮೆಣಸಿನಕಾಯಿ ತರಿಸಿದ. ಟೇಬಲ್ ತುಂಬಾ ಟಚ್ ಸ್ಕ್ರೀನ್, ಹುಡುಕಿದ್ರೂ ತಿರುಗಿಸೋಕೆ ಒಂದು ನಾಬ್ ಇಲ್ಲ. "ಅಣ್ಣಾ, ಇನ್ಮೇಲೆ ಎಲ್ಲಾ ಇದೇ. ನಿಮ್ ಫೇಡರ್ ಕಾಲ ಮುಗೀತು" ಅಂದ. ಫೇಡರ್ ಅಂದ್ರೆ ದನಿ ಏರಿಳಿಸೋಕೆ ಮೇಲೆ ಕೆಳಗೆ ಸರಿಸೋ ಗುಂಡಿ. ಮುಗೀಲಿ ಬಿಡಪ್ಪ ಅಂತ ಸುಮ್ನೆ ಕೂತೆ.

ಗಾಜಿನ ಆಚೆ ಹಿರಿಯೂರು ಕಡೆಯ ಒಬ್ಬ ಅಜ್ಜ, ಏಕತಾರಿ ಹಿಡಿದು ತತ್ವಪದ ಹಾಡ್ತಿದ್ರು. ಇಂಥವರಿಗೆ ಮೈಕಿಂದ ಇಷ್ಟೇ ದೂರ ಇರಿ ಅಂದ್ರೆ ಪದವೇ ನಿಂತು ಹೋಗುತ್ತೆ. ರಂಗೇರಿದಾಗ ಮುಂದಕ್ಕೆ ಬಾಗ್ತಾರೆ. ಅಜ್ಜ ಉಸಿರು ಎಳ್ಕೊಂಡಾಗಲೇ ನಂಗೆ ಗೊತ್ತಾಯ್ತು, ಈಗ ಬರುತ್ತೆ ಅಂತ. ಮೈಕಿನ ದನಿ ಎಷ್ಟು ಜೋರಾಗಿ ಒಳಗೆ ಬರಬೇಕು ಅಂತ ಹಿಡಿಯೋ ಗೇನ್ ನಾಬ್ ಕೈಲಿದ್ದಿದ್ರೆ ಅರ್ಧ ಸೆಕೆಂಡಿನ ಕೆಲಸ. ಈ ಹುಡುಗ ಪೇಜ್ ಬದಲಿಸಿ, ಚಾನೆಲ್ ಮುಟ್ಟಿ, ಗೇನ್ ಹುಡುಕಿ, ಮೆಣಸಿನಕಾಯಿ ಎಣ್ಣೆ ಕೈಯಲ್ಲಿ ಎಳೆಯೋಕೆ ಹೋದ. ಜಾರ್ತು. ತಗ್ಗಬೇಕಾದ ಗೇನ್ ಏರಿ ಮೀಟರ್ ಕೆಂಪಾಯ್ತು. ಡಿಜಿಟಲ್‌ನಲ್ಲಿ ಸೊನ್ನೆ ಡಿಬಿ ಅನ್ನೋ ಕೊನೇ ಮಿತಿ ದಾಟಿ ಒಡೆದ ದನಿ, ಕಂಪ್ಯೂಟರಿನಲ್ಲಿ ತಿದ್ದೋ ಯಾವ ಪ್ಲಗಿನ್‌ಗೂ ಪೂರ್ತಿ ವಾಪಸ್ ತರೋಕಾಗಲ್ಲ. "ಅಜ್ಜಾ, ಇನ್ನೊಂದ್ಸಲ ಹಾಡ್ರಿ" ಅಂದ. ಹಾಡಿದ್ರು ಪಾಪ. ಆ ಸಾಲು ಬರಲಿಲ್ಲ.

ನನ್ನ ತಕರಾರು ಇಷ್ಟೇ. ರೆಕಾರ್ಡಿಂಗ್ ಮಾಡೋನ ಕಣ್ಣು ಹಾಡೋರ ಮೇಲಿರಬೇಕು. ದನಿಗಳನ್ನ ಬೆರೆಸೋ ನನ್ನ ಹಳೇ ಮಿಕ್ಸರ್ ನಿಮಗೆಲ್ಲಾ ಗೊತ್ತೇ ಇದೆ (ಮನೆಯವಳು ಅದಕ್ಕೆ ಸವತಿ ಅಂತಲೇ ಹೆಸರಿಟ್ಟಿದಾಳೆ). ದನೀನ ಎಡಕ್ಕೋ ಬಲಕ್ಕೋ ಸರಿಸೋ ಅದರ ಪ್ಯಾನ್ ನಾಬ್ ನಡುವಿಗೆ ಬಂದ್ರೆ ಬೆರಳಿಗೆ ಟಕ್ ಅಂತ ಗೊತ್ತಾಗುತ್ತೆ. ಕೋರಸ್ ಬಂದಾಗ ನಾಲ್ಕು ಫೇಡರ್ ಮೇಲೆ ನಾಲ್ಕು ಬೆರಳು, ಕೂದಲೆಳೆಯಷ್ಟು ಸರಿಸಿದ್ರೂ ಕೈಗೆ ತಿಳಿಯುತ್ತೆ. ಕರೆಂಟ್ ಹೋದ್ರೂ ಎಲ್ಲಿಟ್ಟಿದ್ನೋ ಅಲ್ಲೇ ಇರುತ್ತೆ. ಗಾಜಿನ ಮೇಲೆ ಎಲ್ಲಾ ಕಡೆಗೂ ಒಂದೇ ನುಣುಪು. ಏನು ಮುಟ್ಟಿದೀನಿ ಅಂತ ನೋಡಲೇಬೇಕು, ನೋಡೋಣ ಅಂದ್ರೆ ನಂಬರ್ ಬೆರಳಿನ ಕೆಳಗೇ ಮುಚ್ಚಿಹೋಗಿರುತ್ತೆ!

ಹಳೇ ಕಾಲದವನ ಗೊಣಗಾಟ ಅನ್ನೋರು ಅಮೆರಿಕದ ನೌಕಾಪಡೇನ ಕೇಳಿ. 2017ರಲ್ಲಿ ಸಿಂಗಾಪುರದ ಹತ್ರ ಅವರ ಯುದ್ಧನೌಕೆ 'ಜಾನ್ ಎಸ್. ಮೆಕೇನ್' ತೈಲದ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ರು. ಟಚ್ ಸ್ಕ್ರೀನ್ ಕಂಟ್ರೋಲಿನ ಗೊಂದಲವೂ ಒಂದು ಕಾರಣ ಅಂತ ತನಿಖೇಲಿ ಬಂತು. 2019ರಲ್ಲಿ ಮತ್ತೆ ಕೈಯಲ್ಲಿ ಹಿಡಿಯೋ ಥ್ರಾಟಲ್ಲೇ (ವೇಗ ಏರಿಳಿಸೋ ಹಿಡಿ) ಹಾಕ್ತೀವಿ ಅಂದ್ರು. ಅವರಿಗೇನು ದುಡ್ಡಿಗೆ ಬರವಾ?

ಸರಿ, ಟಚ್ ಅಗ್ಗ, ಜಾಗ ಉಳಿಯುತ್ತೆ. ನಮ್ಮೂರ ಧೂಳಿಗೆ ಫೇಡರ್ ಕರಕರ ಅನ್ನೋದೂ ನಿಜ. ಕಂಪ್ಯೂಟರಿಗೆ ಜೋಡಿಸೋ ಅಗ್ಗದ ಮಿಡಿ ನಾಬ್ ತಗೊಂಡ್ರೆ 0ರಿಂದ 127ರವರೆಗೆ 128 ಹಂತ ಅಷ್ಟೇ, ಕೆಲವು ಕಡೆ ಜಿಗಿದ ಹಾಗೆ ಕೇಳುತ್ತೆ. ಏನೀಗ? ಕರಕರ ಅಂದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೀತೀನಿ. ನಾಬ್ ಒಳಗಿನ ಪಾಟ್ ಸವೆದ್ರೆ ಸಾಲ್ಡರಿಂಗ್ ಐರನ್ ಕಾಯಿಸಿ ನಾನೇ ಬದಲಿಸ್ತೀನಿ. ನಿಮ್ಮ ಗಾಜು ಹೋದ್ರೆ? ಬೆಂಗಳೂರಿಗೆ ಪಾರ್ಸೆಲ್. ವಾರ ಬಿಟ್ಟು ಫೋನ್ ಬರುತ್ತೆ: "ಸರ್, ಪೂರ್ತಿ ಪ್ಯಾನೆಲ್ಲೇ ಚೇಂಜ್ ಮಾಡ್ಬೇಕು."

ಸುಳ್ಳು ಯಾಕೆ, ಆ ಸ್ಕ್ರೀನ್ ನೋಡಿ ಹೊಟ್ಟೇನೂ ಉರೀತು. ದಪ್ಪ ದನಿ, ಸಣ್ಣ ದನಿ ಹೆಚ್ಚು ಕಮ್ಮಿ ಮಾಡೋ ಈಕ್ಯೂ ಗೆರೇನ ಎರಡು ಬೆರಳಲ್ಲಿ ಹಿಗ್ಗಿಸಿ ಕುಗ್ಗಿಸೋದು ಎಷ್ಟು ಚೆಂದ! ಹುಡುಗ ಆ ಕಡೆ ಹೋದಾಗ ನಾನೂ ಎಳೆದು ನೋಡಿದೆ. ರೆಕಾರ್ಡಿಂಗ್ ಮುಗಿದು ಮಿಕ್ಸಿಂಗ್ ಮಾಡೋ ದಿನ ಒಬ್ಬನೇ ಕೂತು ಬೇಕಾದಷ್ಟು ಎಳೀಲಿ, ಯಾರು ಬೇಡ ಅಂದ್ರು? ಎದುರಿಗೆ ಒಂದು ಜೀವ ಹಾಡ್ತಿರುವಾಗ ಯಾಕ್ರೀ ಬಗ್ಗಿಕೊಂಡು ಗಾಜು ಉಜ್ಜೋದು?

ಬೆಹ್ರಿಂಗರ್ ಎಕ್ಸ್32 ಥರದ ಮಿಕ್ಸರ್‌ನಲ್ಲಿ ಸ್ಕ್ರೀನೂ ಇದೆ, ತಾವೇ ಸರಿಯೋ 25 ಮೋಟರ್ ಫೇಡರೂ ಇವೆ. ಯಾರಾದ್ರೂ ಹಳೇದು ಮಾರೋದಿದ್ರೆ ಇನ್‌ಬಾಕ್ಸ್ ಮಾಡಿ. ಒಂದೆರಡು ಮೋಟರ್ ಕೆಟ್ಟಿದ್ರೂ ಪರವಾಗಿಲ್ಲ, ರೇಟ್ ಮಾತ್ರ ದಾವಣಗೆರೆ ರೇಟ್ ಹೇಳಿ. ಟಚ್ ಸ್ಕ್ರೀನ್ ಫೋಟೋ ಕಳಿಸೋರನ್ನ ಬ್ಲಾಕ್ ಮಾಡ್ತೀನಿ.