ಬ್ಯಾಗು ರೆಡಿ, ರೋಡು ನೋಡಬೇಕು

ನನ್ನ ಹೆಂಡತಿಯ ಹೆರಿಗೆಗೆ ಡಾಕ್ಟರು ಜುಲೈ 12 ಅಂತ ಬರೆದುಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಬ್ಯಾಗು ಜೂನ್ ಮೊದಲ ವಾರದಿಂದಲೇ ಬಾಗಿಲ ಹಿಂದೆ ಕೂತಿದೆ. ಒಳಗೆ ತಾಯಿ ಕಾರ್ಡು, ಸ್ಕ್ಯಾನಿಂಗ್ ಫೈಲು, ಫ್ಲಾಸ್ಕು, ಆಮೇಲೆ ಅಜ್ಜಿಯ ಹಳೇ ಕಾಟನ್ ಸೀರೆ ಹರಿದು ಮಾಡಿದ ಬಟ್ಟೆಗಳು. ಮಳೆಗೆ ಒಣಗದೆ ಬಚ್ಚಲ ಒಲೆಯ ಮೇಲೆ ಹರವಿದ್ದರಿಂದ ಕೂಸಿನ ಬಟ್ಟೆಯೆಲ್ಲ ಹೊಗೆ ವಾಸನೆ. ಇದೆಲ್ಲ ಯಾವ ಊರಲ್ಲಾದರೂ ಇರೋದೇ. ಆದರೆ ಸೈಡ್ ಜಿಪ್ಪಿನಲ್ಲಿ ಮಾವ ಒಂದು ನಕ್ಷೆ ಮಡಚಿ ಇಟ್ಟಿದ್ದಾರೆ ನೋಡಿ, ಅದು ಮಾತ್ರ ಅಪ್ಪಟ ಉತ್ತರ ಕನ್ನಡದ ಹೆರಿಗೆ ಸಾಮಾನು.

ನಮ್ಮಲ್ಲಿ ಬಸುರಿಯನ್ನು ಕಂಡವರು ಎಷ್ಟು ತಿಂಗಳು ಅಂತ ಕೇಳಿ ಸುಮ್ಮನಾಗುವುದಿಲ್ಲ. ಮಣಿಪಾಲವೋ ಹುಬ್ಬಳ್ಳಿಯೋ ಅಂತಾರೆ. ಕಾರವಾರ ಕಡೆಯವರಾದರೆ ಗೋವಾನೂ ಸೇರುತ್ತದೆ. ಸುಸೂತ್ರ ಹೆರಿಗೆಯಾದರೆ ಇಲ್ಲೇ ಆಗುತ್ತೆ, ಸುಳ್ಳು ಹೇಳಬಾರದು, ನಾನೂ ಇಲ್ಲೇ ಹುಟ್ಟಿದವನು. ತೊಂದರೆ ಇರೋದು 'ಏನಾದ್ರೂ ಆದ್ರೆ' ಅನ್ನೋ ಎರಡು ಪದದಲ್ಲಿ. ಆ ಎರಡು ಪದ ಬಾಯಿಗೆ ಬಂದರೆ ಅಘನಾಶಿನಿ ದಂಡೆಯ ನಮ್ಮೂರಿಂದ ನೂರು ಕಿಲೋಮೀಟರಿಗೂ ಜಾಸ್ತಿ ಓಡಬೇಕು, ಜಿಲ್ಲೆ ದಾಟಬೇಕು. ಕೂಸು ಹುಟ್ಟಿದಲ್ಲೇ ಜನನ ನೋಂದಣಿ ಆಗೋದು, ಹಾಗಾಗಿ ಸರ್ಟಿಫಿಕೇಟಿನಲ್ಲಿ ಹುಟ್ಟೂರೂ ಬೇರೆ ಜಿಲ್ಲೆಯದೇ.

ಮೊದಲ ಹೆರಿಗೆ ತವರಲ್ಲಿ ಅಂತ ಪದ್ಧತಿ. ಅವಳ ತವರು ಶಿರಸಿ. ಮಧ್ಯೆ ದೇವಿಮನೆ ಘಟ್ಟ. ಮಳೆಗೆ ಘಟ್ಟ ಬಂದ್ ಆದ್ರೆ ಅವಳು ಮೇಲೆ ಅಮ್ಮ ಆಗ್ತಾಳೆ, ನಾನು ಕೆಳಗೆ ಅಪ್ಪ ಆಗ್ತೇನೆ. ಅದಕ್ಕೇ ತವರನ್ನೇ ಇಲ್ಲಿಗೆ ಕರೆಸಿಕೊಂಡಿದ್ದೇವೆ: ಅತ್ತೆ, ಮಾವ, ಒಂದು ಭರಣಿ ಲೇಹ್ಯ.

ಮಾವ ರಿಟೈರ್ಡ್ ಮಾಸ್ತರು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯೇ ಮುಚ್ಚಿದ್ದನ್ನು ಅವರು ಮರೆತಿಲ್ಲ. ದಕ್ಷಿಣಕ್ಕೆ ದಾರಿ ಬಂದ್ ಆದ್ರೆ ಘಟ್ಟ ಹತ್ತಿ ಹುಬ್ಬಳ್ಳಿ, ಘಟ್ಟವೂ ಬಂದ್ ಆದ್ರೆ ಕೊಂಕಣ ರೈಲು ಅಂತ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. "ಮೂರೂ ಬಂದ್ ಆದ್ರೆ?" ಅಂದೆ. ಕನ್ನಡಕ ಒರೆಸಿಕೊಂಡು, "ಕಾರವಾರದಲ್ಲಿ ನೇವಿಯವರ ಹೆಲಿಕಾಪ್ಟರ್ ಇರ್ತದಲ್ಲ" ಅಂದರು. ತಮಾಷೆಗೋ ನಿಜಕ್ಕೋ ಇನ್ನೂ ಗೊತ್ತಾಗಿಲ್ಲ.

ಹಾಗೆ ನೋಡಿದರೆ ನಮ್ಮ ಜಿಲ್ಲೆಯಲ್ಲಿ ಏನಿಲ್ಲ? ವಿಮಾನ ಹೊರುವ ಯುದ್ಧನೌಕೆ ಬಂದು ನಿಲ್ಲುವಷ್ಟು ಜಾಗ ಇದೆ. ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಕೊನೆಯವರೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಒಂದು ಬಸಿರಿಗೆ 280 ದಿನದ ಲೆಕ್ಕ. ಆ ಘಟಕ ಒಮ್ಮೆಯೂ ನಿಲ್ಲದೆ ಓಡಿದಷ್ಟರಲ್ಲಿ ಮೂರು ಹೆರಿಗೆ ಮುಗಿದು ನಾಲ್ಕನೆಯದರ ಬಯಕೆ ಶುರುವಾಗುತ್ತಿತ್ತು! ಅಣು ಒಡೆಯೋಕೆ ನಾವು ಸಾಕು, ಕಷ್ಟದ ಹೆರಿಗೆಗೆ ಪಕ್ಕದ ಜಿಲ್ಲೆ ಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಂತೂ ಚುನಾವಣೆ ಬಂದಾಗಲೆಲ್ಲ ಸೀಮಂತ ಮಾಡಿಸಿಕೊಳ್ಳುತ್ತದೆ, ಹೆರುವುದು ಮಾತ್ರ ಇಲ್ಲ.

ಇನ್ನು 108. ಕರೆದರೆ ಬರ್ತಾರೆ, ಪಾಪ. ಕರೆಯೋಕೆ ನೆಟ್‌ವರ್ಕ್ ಬೇಕಲ್ವಾ? ಅದು ಸಿಗೋದು ಗುಡ್ಡದ ಮೇಲೆ, ಗೇರು ಮರದ ಬುಡದಲ್ಲಿ.

ನಿನ್ನೆ ಸಂಜೆ ಜಡಿಮಳೆ. ಒಳಗಿಂದ ಅವಳು "ರೀ, ಬೇಗ ಬನ್ನಿ" ಅಂತ ಕೂಗಿದಳು. ಮಾವ ನಕ್ಷೆ ಹಿಡಿದು ಕಾರಿನಲ್ಲಿ ಕೂತರು. ಅತ್ತೆ ಫ್ಲಾಸ್ಕಿಗೆ ಬಿಸಿನೀರು ಸುರಿದರು. ನಾನು ಛತ್ರಿಯನ್ನೂ ತಗೊಳ್ಳದೆ ಗುಡ್ಡ ಹತ್ತಿದೆ. ಲೈನು ಸಿಕ್ಕಿತು, ಮಾತು ಹೊರಡಲಿಲ್ಲ. ನನ್ನ ಏದುಸಿರು ಕೇಳಿ ಆ ಕಡೆಯವರು, "ಸರ್, ನೋವು ಯಾರಿಗೆ?" ಅಂದರು.

ಕೂಸು ಹೊಟ್ಟೆಯೊಳಗೆ ಬಿಕ್ಕಳಿಸ್ತಾ ಇತ್ತಂತೆ, ಕೈ ಇಟ್ಟು ನೋಡಲಿ ಅಂತ ಕರೆದದ್ದಂತೆ. ನಾನು ಕೆಸರು ಕಾಲಲ್ಲಿ ಇಳಿದು ಬರೋಷ್ಟರಲ್ಲಿ ನಿಂತಿತ್ತು.