ಸ್ಪಷ್ಟನೆ: ‘ಕುಮೊಯೊ ಐಲ್ಯಾಂಡ್’ ಹೊಸ ಆಲ್ಬಂ ಅಲ್ಲ

ಜಪಾನಿನ ಸೈಕೆಡೆಲಿಕ್ ರಾಕ್ (ಕನಸಿನಂಥ, ಭ್ರಮೆ ಹುಟ್ಟಿಸುವ ನಾದದ ರಾಕ್) ತಂಡ ಕಿಕಗಾಕು ಮೊಯೊ ಮತ್ತೆ ಒಂದಾಗಿದೆ, ‘ಕುಮೊಯೊ ಐಲ್ಯಾಂಡ್’ ಅವರ ಹೊಸ ಆಲ್ಬಂ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಆ ಆಲ್ಬಂ ಬಂದದ್ದು 2022ರ ಮೇ ತಿಂಗಳಲ್ಲಿ. ಅದೇ ವರ್ಷದ ಜನವರಿಯಲ್ಲೇ ತಂಡ, 2022 ಮುಗಿದ ಮೇಲೆ ಅನಿರ್ದಿಷ್ಟ ಕಾಲ ವಿರಾಮ ತೆಗೆದುಕೊಳ್ಳುವುದಾಗಿ ತಿಳಿಸಿತ್ತು. ಅಂದರೆ ಇದು ವಿದಾಯದ ಆಲ್ಬಂ. ಹಾಗೆಂದು ತಿಳಿದು ಕೇಳಿದರೆ ಅದರ ಮೌಲ್ಯ ಇನ್ನೂ ಹೆಚ್ಚುತ್ತದೆ.

ಸಂದೇಶದಲ್ಲಿ ಇನ್ನೊಂದು ಮಾತಿದೆ: ಸಿತಾರ್ ನಾದ ಕೀಬೋರ್ಡಿನಿಂದ ತೆಗೆದದ್ದಂತೆ. ಇದಂತೂ ಕಲಾವಿದನಿಗೆ ಮಾಡುವ ಅನ್ಯಾಯ. ತಂಡದ ರ್ಯು ಕುರೊಸಾವಾ ಭಾರತಕ್ಕೆ ಬಂದು, ಬಂಗಾಳದ ಹಿಂದೂಸ್ತಾನಿ ಸಂಗೀತ ಪರಂಪರೆಯಾದ ವಿಷ್ಣುಪುರ ಘರಾನೆಯ ಪಂಡಿತ್ ಮಣಿಲಾಲ್ ನಾಗ್ ಅವರ ಬಳಿ ಸಿತಾರ್ ಕಲಿತವರು. ಡ್ರಮ್ಸ್ ನುಡಿಸುತ್ತಿದ್ದ ಗೋ ಕುರೊಸಾವಾ, ರ್ಯು ಅವರ ಅಣ್ಣ. ಗಿಟಾರ್ ಮೊರೆತದ ನಡುವೆ ತಂತಿಯ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಾದ) ಎಳೆದು ಬರುವುದನ್ನು ಗಮನವಿಟ್ಟು ಕೇಳಿ, ಬೆರಳ ಕೆಲಸ ತಿಳಿಯುತ್ತದೆ.

ಗೋ ಮತ್ತು ತಂಡದ ಗಿಟಾರ್ ವಾದಕ ತೋಮೊ ಕತ್ಸುರಾದಾ ಕಟ್ಟಿದ ಗುರುಗುರು ಬ್ರೇನ್ ಎಂಬ ಆಲ್ಬಂ ಪ್ರಕಾಶನ ಸಂಸ್ಥೆಯೇ ಈ ಆಲ್ಬಂ ಹೊರತಂದದ್ದು. ಸಂದೇಶವನ್ನು ಹಂಚಿದವರು ದಯವಿಟ್ಟು ತಿದ್ದಿ.