ಕೋಳಿ ಸಾಕುವವರನ್ನು ಬೈದರೆ ಏನು ಬಂತು?

ಕೋಳಿಗೆ ಆ್ಯಂಟಿಬಯಾಟಿಕ್ ಹಾಕ್ತಾರೆ ಅನ್ನೋ ಸುದ್ದಿ ಬಂದಾಗಲೆಲ್ಲ ಬೈಗುಳ ಬೀಳುವುದು ಫಾರಂ ರೈತನಿಗೆ. ನನಗಿದು ಸರಿ ಕಾಣುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ನಡೆದದ್ದನ್ನು ನೋಡಿ.

ಅಲ್ಲಿನ ಹ್ಯಾಚರಿಗಳಲ್ಲಿ ಸೆಫ್ಟಿಯೋಫರ್ ಅನ್ನೋ ಔಷಧಿಯನ್ನು ಮೊಟ್ಟೆಗೇ ಚುಚ್ಚುತ್ತಿದ್ದರು. ಮರಿ ಇನ್ನೂ ಚಿಪ್ಪಿನೊಳಗೇ ಇದೆ, ಆಗಲೇ ಡೋಸ್! ಹುಟ್ಟಿದ ಮೇಲೆ ಹೊಕ್ಕುಳಿಗೆ ಸೋಂಕು ತಗುಲಿ ಸಾಯದಿರಲಿ ಅಂತ. ತೊಂದರೆ ಏನಂದ್ರೆ, ಇದು ನಮ್ಮ ಆಸ್ಪತ್ರೆಗಳ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನಿನ ದಾಯಾದಿ; ಇದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಅದಕ್ಕೂ ಜಗ್ಗದೆ ಹೋಗಬಹುದು. ಮನೆಯಲ್ಲಿ ಯಾರಿಗಾದರೂ ಜೋರು ಟೈಫಾಯ್ಡ್ ಬಂದಿದ್ದರೆ ಆ ಹೆಸರು ಕೇಳಿರುತ್ತೀರಿ. ಟೈಫಾಯ್ಡ್ ತರುವುದೂ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಒಂದು ಬಗೆಯೇ.

2004ರಲ್ಲಿ ಕ್ವಿಬೆಕ್‌ನ ಅಂಗಡಿ ಕೋಳಿಯಲ್ಲಿ ಸಿಕ್ಕ ಸಾಲ್ಮೊನೆಲ್ಲಾ ಹೈಡಲ್‌ಬರ್ಗ್ (ಇದು ಇನ್ನೊಂದು ಬಗೆ) ಪೈಕಿ ಶೇ. 62ರಷ್ಟು ಸೆಫ್ಟಿಯೋಫರ್‌ಗೆ ಜಗ್ಗುತ್ತಿರಲಿಲ್ಲ. ರೋಗಿಗಳಲ್ಲಿ ಸಿಕ್ಕವುಗಳಲ್ಲಿ ಶೇ. 36. 2005ರ ಶುರುವಿನಲ್ಲಿ ಹ್ಯಾಚರಿಗಳು ತಾವಾಗಿಯೇ ಚುಚ್ಚುವುದನ್ನು ನಿಲ್ಲಿಸಿದವು. 2006ಕ್ಕೆ ಕೋಳಿಯಲ್ಲಿ ಶೇ. 7, ಮನುಷ್ಯರಲ್ಲಿ ಶೇ. 8! 2007ರಲ್ಲಿ ಮತ್ತೆ ಅಷ್ಟಿಷ್ಟು ಬಳಕೆ ಶುರುವಾಯಿತು, ಮತ್ತೆ ಮೆಲ್ಲಗೆ ಏರತೊಡಗಿತು. ಇಷ್ಟೆಲ್ಲದರಲ್ಲಿ ರೈತನ ಪಾತ್ರ ಏನು? ಮರಿ ಅವನ ಶೆಡ್ಡಿಗೆ ಇಳಿಯುವ ಹೊತ್ತಿಗೆ ಔಷಧಿ ಒಳಗೆ ಹೋಗಿ ಆಗಿತ್ತು.

ಇಷ್ಟು ಬೇಗ ಏರಿ ಇಳಿದದ್ದು ಹೇಗೆ? ಇಲ್ಲಿ ಮುಖ್ಯ ಪಾತ್ರ ಸಿಎಂವೈ-2 ಅನ್ನೋ ಜೀನ್‌ನದ್ದು. ಅದು ತಯಾರಿಸುವ ಕಿಣ್ವ ಔಷಧಿಯ ಅಣುವನ್ನೇ ಒಡೆದುಹಾಕುತ್ತೆ. ಈ ಜೀನ್ ಕೂತಿರುವುದು ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಲ್ಲಲ್ಲ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ. ಎರಡು ಬ್ಯಾಕ್ಟೀರಿಯಾ ತಾಗಿಕೊಂಡಾಗ ಒಂದು ಇನ್ನೊಂದಕ್ಕೆ ಉಂಗುರದ ನಕಲನ್ನು ದಾಟಿಸಬಲ್ಲದು. ಕೋಳಿಯ ಕರುಳಲ್ಲಿ ಸುಮ್ನೆ ಇದ್ದ ಈ.ಕೋಲಿ ಎಂಬ ಬೇರೆ ಬ್ಯಾಕ್ಟೀರಿಯಾದಿಂದ ಸಾಲ್ಮೊನೆಲ್ಲಾಗೂ ಹೋಗಬಹುದು, ಜಾತಿಗೀತಿ ಏನೂ ಅಡ್ಡ ಬರಲ್ಲ. ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಇನ್ನೊಂದು ಆ್ಯಂಟಿಬಯಾಟಿಕ್‌ನ ವಿಷಯ ಬೇರೆ. ಅಲ್ಲಿ ಹೆಚ್ಚಾಗಿ ಬ್ಯಾಕ್ಟೀರಿಯಾದ ಸ್ವಂತ ಜೀನ್‌ನಲ್ಲೇ ಒಂದೆರಡು ಅಕ್ಷರ ಬದಲಾಗಿರುತ್ತೆ, ಅದು ವಂಶದಲ್ಲಿ ಇಳಿಯುತ್ತೆ.

ಔಷಧಿ ಇದ್ದಾಗ ಉಂಗುರ ಇದ್ದದ್ದು ಬದುಕುತ್ತೆ. ಇಲ್ಲದಾಗ ಅದನ್ನು ಹೊರುವುದೇ ದಂಡ, ಇಲ್ಲದವು ಮುಂದೆ ಹೋಗುತ್ತವೆ. ಆದ್ರೆ ಎಲ್ಲ ಕಡೆ ಇಷ್ಟು ಸಲೀಸಲ್ಲ. ಇಸ್ರೇಲಿನ ಕೋಳಿಗಳಲ್ಲಿ ಹಬ್ಬಿದ ಸಾಲ್ಮೊನೆಲ್ಲಾ ಇನ್ಫಾಂಟಿಸ್ ಎಂಬ ಮತ್ತೊಂದು ಬಗೆಯ ಒಂದೇ ದೊಡ್ಡ ಪ್ಲಾಸ್ಮಿಡ್‌ನಲ್ಲಿ ಟೆಟ್ರಾಸೈಕ್ಲಿನ್, ಸಲ್ಫಾ, ಟ್ರೈಮೆಥೋಪ್ರಿಮ್ ಮೂರೂ ಔಷಧಿಗಳನ್ನು ತಡೆಯುವ ಜೀನ್‌ಗಳಿವೆ. ಅಂಥ ಕಡೆ ಒಂದು ಔಷಧಿ ನಿಲ್ಲಿಸಿ ಇನ್ನೊಂದನ್ನು ಮುಂದುವರಿಸಿದರೆ ಪ್ಲಾಸ್ಮಿಡ್ ಪೂರ್ತಿ ಉಳಿದುಕೊಳ್ಳುತ್ತೆ.

ನಮ್ಮಲ್ಲಿ? ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ಕೋಳಿ, ಜಾನುವಾರುಗಳಿಗೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧ ಹಾಕಿತು. ಒಳ್ಳೇದೇ ಆಯ್ತು. ಆದ್ರೆ ಕಾಂಟ್ರಾಕ್ಟ್ ಬ್ರಾಯ್ಲರ್ ಸಾಕಣೆ ನೋಡಿದವರಿಗೆ ಗೊತ್ತು: ಮರಿ ಕಂಪನಿಯದ್ದು, ಫೀಡ್ ಕಂಪನಿಯದ್ದು, ಔಷಧಿಯೂ ಕಂಪನಿಯದ್ದು. ರೈತನದ್ದು ಶೆಡ್, ಕರೆಂಟ್ ಬಿಲ್, ನೆಲಕ್ಕೆ ಹಾಸುವ ಭತ್ತದ ಹೊಟ್ಟು, ರಾತ್ರಿ ನಿದ್ದೆಗೇಡು. ಕೊನೆಗೆ ಕೆಜಿ ಲೆಕ್ಕದಲ್ಲಿ ಸಾಕಿದ ಕೂಲಿ. ಫೀಡ್ ಮೂಟೆಯೊಳಗೆ ಏನಿದೆ ಅಂತ ಅವನನ್ನು ಕೇಳಿದರೆ ಅವನಾದರೂ ಏನು ಹೇಳಬೇಕು?

"ನಾವು ಚೆನ್ನಾಗಿ ಬೇಯಿಸ್ತೀವಿ, ಸಾಲ್ಮೊನೆಲ್ಲಾ ಸಾಯುತ್ತೆ" ಅಂತಾರೆ. ನಿಜ, ಸಾಯುತ್ತೆ. ಆದ್ರೆ ಹಸಿ ಮಾಂಸ ತೊಳೆದಾಗ ಸಿಂಕಿಗೆ ಸಿಡಿದ ನೀರು, ಅದೇ ಮಣೆ ಮೇಲೆ ಹೆಚ್ಚಿದ ಸೌತೆಕಾಯಿ ಬೇಯುವುದಿಲ್ಲ ಅಲ್ವಾ? ಹೊಲಕ್ಕೆ ಲೋಡುಗಟ್ಟಲೆ ಹೋಗುವ ಹಸಿ ಕೋಳಿಗೊಬ್ಬರವೂ ಅಷ್ಟೇ.

ನನ್ನ ಪ್ರಕಾರ ತಪಾಸಣೆ ಶುರುವಾಗಬೇಕಾದದ್ದು ಹ್ಯಾಚರಿ ಮತ್ತು ಫೀಡ್ ಮಿಲ್ಲಿನ ಬಾಗಿಲಲ್ಲಿ. ಕ್ವಿಬೆಕ್‌ನಂತೆ ತಾವಾಗಿ ನಿಲ್ಲಿಸಿದರೆ ತಾವಾಗಿ ಮತ್ತೆ ಶುರುವೂ ಮಾಡುತ್ತಾರೆ. ಕೆನಡಾದ ಕೋಳಿ ಉದ್ಯಮ ಸೆಫ್ಟಿಯೋಫರ್‌ನ ದರ್ಜೆಯ ಔಷಧಿಗಳನ್ನು ರೋಗ ಬರುವ ಮುಂಚೆಯೇ ಕೊಡುವುದನ್ನು ದೇಶಪೂರ್ತಿ ನಿಲ್ಲಿಸಿದ್ದು 2014ರಲ್ಲಿ. ನಮ್ಮಲ್ಲಿ ಮರಿಯ ಬಾಕ್ಸಿನ ಮೇಲೂ ಫೀಡ್ ಮೂಟೆಯ ಮೇಲೂ ಯಾವ ಆ್ಯಂಟಿಬಯಾಟಿಕ್ ಹಾಕಿದೆ ಅಂತ ಕನ್ನಡದಲ್ಲಿ ಅಚ್ಚು ಹಾಕಲಿ. ಫಾರಂ ನಡೆಸುವ ಗೆಳೆಯರೇ, ಮುಂದಿನ ಬ್ಯಾಚ್ ಇಳಿಸಲು ಬರುವ ಸೂಪರ್‌ವೈಸರ್‌ನನ್ನು ಒಮ್ಮೆ ಇದನ್ನು ಕೇಳಿ ನೋಡಿ. ಏನಂದರು ಅಂತ ನನಗೂ ತಿಳಿಸಿ.